ಪವಿತ್ರಳ ಹಾಳೆ

ಪವಿತ್ರಾ, ನಿನ್ನ ಮಗುವಿನ ಹೃದಯದಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಹೇಳಲಿಲ್ಲ. ಹೇಳಿದ್ದೇನೆ ಎಂದು ಡಾಕ್ಟರಿಗೆ ಸುಳ್ಳು ಹೇಳಿದೆ.

ನಾಲ್ಕು ವರ್ಷದ ಹಿಂದೆ ನಂಜನಗೂಡಿನ ನಮ್ಮ ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಹೊಟ್ಟೆಯೊಳಗಿನ ಮಕ್ಕಳ ಹೃದಯದ ಅಳತೆ ತೆಗೆಯುತ್ತಿದ್ದರು. ತೊಂದರೆಯಿಲ್ಲದ ಬಸುರಿಯರನ್ನೇ ಆರಿಸಿ, ಆ ಪುಟ್ಟ ಹೃದಯ ಎಷ್ಟು ಹೊತ್ತು ಹಿಂಡಿಕೊಳ್ಳುತ್ತದೆ, ಎಷ್ಟು ಹೊತ್ತು ಸಡಿಲವಾಗುತ್ತದೆ ಎಂದು ನೋಡುವುದು. ನಮ್ಮ ಕಡೆಯ ಮಕ್ಕಳಿಗೆ ಸರಿಯಾದ ಅಳತೆ ಯಾವುದೆಂದು ಪಟ್ಟಿ ಮಾಡಬೇಕಿತ್ತು. ಅವರು ಅಂಕಿ ಹೇಳುತ್ತಿದ್ದರು, ನರ್ಸ್ ಆಗಿದ್ದ ನಾನು ಬರೆಯುತ್ತಿದ್ದೆ — ಒಬ್ಬೊಬ್ಬರಿಗೆ ಒಂದೊಂದು ಹಾಳೆ. ಬಂದವರೆಲ್ಲ ಚೆನ್ನಾಗಿದ್ದವರೇ. ಹಾಗಾಗಿ ಹೊಟ್ಟೆಯ ಮೇಲಿನ ಜೆಲ್ ಒರೆಸುವಾಗಲೇ "ಎಲ್ಲಾ ನಾರ್ಮಲ್ ಕಣವ್ವಾ" ಎಂದುಬಿಡುವುದು ನನಗೆ ರೂಢಿಯಾಗಿಹೋಗಿತ್ತು. ಕೇಳಿದವರ ಮುಖ ಅರಳುತ್ತಿತ್ತು. ನಾನೂ ಉಬ್ಬುತ್ತಿದ್ದೆ — ಏನೋ ನಾನೇ ವರ ಕೊಟ್ಟವಳ ಹಾಗೆ.

ನಿನಗೂ ಅದನ್ನೇ ಅಂದೆ. ನೀನು ನಿಮ್ಮೂರು ಹದಿನಾರಿನ ಬಸ್ಸು ಹಿಡಿಯಲು ಓಡಿದೆ. ಸಂಜೆ ಡಾಕ್ಟರಮ್ಮ ನಿನ್ನ ಅಂಕಿಗಳನ್ನು ಮತ್ತೆ ನೋಡಿದರು.

"ಇದ್ಯಾಕೋ ಸರಿ ಕಾಣ್ತಿಲ್ಲ. ಮಗು ಅಲ್ಲಾಡಿದ್ದಕ್ಕೂ ಇರಬಹುದು. ಬೇಗ ಕರೆಸಿ, ಇನ್ನೊಂದ್ಸಲ ನೋಡೋಣ. ಹೀಗೇ ಇದ್ರೆ ಮೈಸೂರಿಗೆ ಕಳಿಸ್ಬೇಕು."

ಮರುದಿನ ಫೋನ್ ಮಾಡಿದೆ. ನೀನೇ ಎತ್ತಿದೆ. ಹಿಂದೆ ಹೆಂಗಸರ ನಗು, ಗಲಾಟೆ. "ಅಕ್ಕಾ, ಬಳೆ ತೊಡುಸ್ತಾವ್ರೆ. ನಾಳೀಕೆ ನರಸೀಪುರಕ್ಕೆ ಓಯ್ತೀನಿ, ನಮ್ಮವ್ವನ ಮನೆಗೆ. ಏನಕ್ಕಾ ಪೋನ್ ಮಾಡಿದ್ದು?"

ನಿನ್ನೆ ತಾನೇ ಎಲ್ಲಾ ಸರಿ ಎಂದಿದ್ದ ಬಾಯಿ... ಈಗ ಅದೇ ಬಾಯಲ್ಲಿ ಹೇಗೆ —

"ಏನಿಲ್ಲವ್ವ, ಹುಷಾರಾಗಿದ್ದೀಯಾ ಅಂತ ಕೇಳೋಣ ಅಂತ" ಅಂದೆ.

ಡಾಕ್ಟರಮ್ಮನಿಗೆ "ಹೇಳಿದೆ ಮೇಡಂ, ಅವರು ಮೈಸೂರಲ್ಲೇ ತೋರಿಸ್ತಾರಂತೆ" ಎಂದೆ. ನಿನ್ನ ಹಾಳೆಯನ್ನು ಫೈಲಿನಿಂದ ತೆಗೆದು ಮನೆಗೆ ಕೊಂಡುಹೋದೆ.

ಮುಂದಿನದನ್ನು ನಿಮ್ಮೂರಿನ ಹೆಂಗಸೊಬ್ಬಳು ಹೇಳಿದಳು. ನರಸೀಪುರದಲ್ಲಿ ಹೆರಿಗೆ. ಮೂರನೆಯ ದಿನ ಮಗು ಹಾಲು ಕುಡಿಯುವುದನ್ನು ಬಿಟ್ಟಿತು, ತುಟಿ ನೀಲಿಯಾಯಿತು. ಮೈಸೂರು ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಗಂಡೋ ಹೆಣ್ಣೋ ಎಂದು ಕೇಳುವ ಧೈರ್ಯವೂ ನನಗೆ ಬರಲಿಲ್ಲ.

ಹೇಳಿದ್ದರೆ ಉಳಿಯುತ್ತಿತ್ತೇ? ಗೊತ್ತಿಲ್ಲ. ಹೆರಿಗೆ ಮೈಸೂರಿನಲ್ಲಿ ಆಗುತ್ತಿತ್ತು, ಹೃದಯದ ಡಾಕ್ಟರು ಹತ್ತಿರದಲ್ಲಿರುತ್ತಿದ್ದರು — ಅಷ್ಟಂತೂ ಗೊತ್ತು. ಅಷ್ಟನ್ನೂ ನಾನು ನಿನ್ನ ಮಗುವಿನಿಂದ ಕಿತ್ತುಕೊಂಡೆ.

ಮೊನ್ನೆ ನೀನು ಮತ್ತೆ ಬಸುರಿಯಾಗಿ ಬಂದೆ. ನಿನ್ನ ಅತ್ತೆ ಬೆಂಚಿನಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದರು: "ಗ್ರಾಣ ಹಿಡ್ದಿದ್ ದಿನ ಈಚ್ಗೆ ಓಗ್ಬ್ಯಾಡ ಅಂತ ಬಡ್ಕಂಡೆ, ಕೇಳ್ನಿಲ್ಲ ಇವ್ಳು. ಕೂಸ್ನ ತಾನೇ ತಿನ್ಕಂಡ್ಳು. ಊರೆಲ್ಲ ಅದ್ನೇ ಅಂತದೆ." ನಾನು ನಿನ್ನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದೆ. ನೀನು ಮೆಲ್ಲಗೆ ಅಂದೆ, "ನಿಜ ಅಕ್ಕಾ, ದನ ಕಟ್ಟಾಕೆ ಓಗಿದ್ದೆ. ನಂದೇ ತಪ್ಪು."

ಆಗಲಾದರೂ ನಾನು — ಇಲ್ಲ. ಬಿಪಿ ಬರೆದುಕೊಂಡೆ. ನಾಲ್ಕು ವರ್ಷ ನನ್ನ ಪಾಪವನ್ನು ನೀನು ಹೊತ್ತಿದ್ದೀಯ ಎಂದು ತಿಳಿದ ಮೇಲೂ, ಬಿಪಿ ಬರೆದುಕೊಂಡೆ.

ಇವತ್ತು ಆ ಹಾಳೆಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಈ ಸಲ ನಿನ್ನನ್ನು ಮೊದಲಿಂದಲೇ ಮೈಸೂರಿನಲ್ಲಿ ತೋರಿಸಬೇಕೆಂದು ಚೀಟಿ ಬರೆದುಕೊಟ್ಟರು. ನನಗೆ ನಾಳೆಯಿಂದ ಬರಬೇಡಿ ಎಂದರು. ಸರಿಯಾಗಿಯೇ ಅಂದರು.

ನಾಳೆ ಮೊದಲ ಬಸ್ಸಿಗೆ ಆ ಚೀಟಿ ಹಿಡಿದು ಹದಿನಾರಿಗೆ ಬರುತ್ತೇನೆ. ತಪ್ಪು ನನ್ನದೆಂದು ನಿನ್ನ ಅತ್ತೆಯ ಮುಂದೆ ಹೇಳಬೇಕು. ನೀವು ಬಾಗಿಲು ಹಾಕಿಕೊಂಡರೆ ಜಗಲಿಯಲ್ಲೇ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ.