ಉಣ್ಣೆ ಕೀಳುವ ಉಗುರು

ಅಕ್ಕನ ಬಲಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದ. ಲ್ಯಾಬಿನ ಕೈಗವಸು ಹಾಕಿಕೊಂಡರೆ ತುದಿ ಹರಿಯುತ್ತಿತ್ತು. ಕತ್ತರಿಸಕ್ಕ ಎಂದರೆ ಕೇಳುತ್ತಿರಲಿಲ್ಲ. ಪಾವಗಡದ ಕಡೆಯ ತನ್ನೂರು ನಿಡುಗಲ್ಲಿಗೆ ಹೋದಾಗ ಅಪ್ಪನ ಕುರಿಗಳಿಂದ ಉಣ್ಣೆ ಕೀಳಲು ಅದು ಬೇಕಂತೆ. ಕಂಬಳಿ ನೇಯುವ ಉಣ್ಣೆಯಲ್ಲ, ಮೈಗೆ ಅಂಟಿ ರಕ್ತ ಹೀರುವ ಹುಳು.

ಅವಳು ನನ್ನ ಒಡಹುಟ್ಟಿದವಳಲ್ಲ. ಬೆಂಗಳೂರಿನ ಲ್ಯಾಬಿನಲ್ಲಿ ಪಕ್ಕದ ಮೇಜಿನವಳು, ನನಗಿಂತ ಹಿರಿಯಳು. ಉಣ್ಣೆ ಕಚ್ಚಿ ಬರುವ ಲೈಮ್ ಕಾಯಿಲೆಗೆ ಲಸಿಕೆ ಮಾಡುವ ಕೆಲಸ ನಮ್ಮದು. ರೋಗಾಣುವಿನ ಹೊರಮೈಯಲ್ಲಿ ಯಾವ ಜಾಗವನ್ನು ನಮ್ಮ ರಕ್ತದ ಪ್ರತಿಕಾಯ ಹಿಡಿದರೆ ಕಾಯಿಲೆ ತಪ್ಪುತ್ತದೆ ಎಂದು ಹುಡುಕಬೇಕು. ಮೊದಲು ಕಂಡುಹಿಡಿದವರ ಹೆಸರು ಪ್ರಬಂಧದಲ್ಲಿ ಮೊದಲು. ಆ ಮೊದಲ ಹೆಸರು ನನಗೆ ಬೇಕಿತ್ತು. ಬೇಕೆಂದರೆ ಬೇಕೇ.

ಪಾವಗಡಕ್ಕೆ ಹೋಗುವ ದಾರಿಯಲ್ಲಿ ಒಮ್ಮೆ ಅವಳನ್ನು ಬಡವನಹಳ್ಳಿಯ ನಮ್ಮ ಮನೆಗೆ ಕರೆದೊಯ್ದೆ. ಅಮ್ಮ ಅವಳ ಮುದ್ದೆಗೆ ತುಪ್ಪ ಸುರಿದದ್ದೇ ಸುರಿದದ್ದು. "ಆ ಹುಡ್ಗಿ ನೋಡೇ, ಹೆಂಗೆ ನಗ್ನಗ್ತಾ ಮಾತಾಡ್ತಾಳೆ! ನಿಂಗೇನೇ ದಾಡಿ?" ಎಂದಳು ಅಮ್ಮ, ಅವಳೆದುರೇ. ಆ ತುಪ್ಪ ನನಗಿನ್ನೂ ಮರೆತಿಲ್ಲ.

ಪ್ರತಿಕಾಯಗಳಲ್ಲಿ ಗಟ್ಟಿಯಾಗಿ ಹಿಡಿಯುವವನ್ನು ಆರಿಸಿಕೊಂಡು, ಸಡಿಲವಾಗಿ ಹಿಡಿಯುವವನ್ನು ಬಿಸಾಡುವುದು ನನ್ನ ಕ್ರಮ. ಬಿಸಾಡಲಿಟ್ಟ ಕೊಳವೆಗಳನ್ನು ನೋಡಿ ಅಕ್ಕ ನಕ್ಕಳು.

"ಏಮೇ, ಗಟ್ಟಿಯಾಗಿ ಹಿಡ್ಕಂಬುಟ್ರೆ ಸಾಕೇನೇ? ಉಣ್ಣೆನೂ ಗಟ್ಟಿಯಾಗೇ ಹಿಡ್ಕಂತದೆ. ಅದ್ರಿಂದ ಕುರಿಗೇನು ಬಂತು?"

"ಬೇಕಾದ್ರೆ ನೀನೇ ಇಟ್ಕೋ," ಎಂದೆ.

ಇಟ್ಟುಕೊಂಡಳು. ಪ್ರತಿಕಾಯ ಕೊಟ್ಟ ಇಲಿಗಳಿಗೆ ರೋಗಾಣುವಿದ್ದ ಉಣ್ಣೆಗಳಿಂದ ಕಚ್ಚಿಸಿ ನೋಡಿದೆವು. ನಾನು ಮುದ್ದಿನಿಂದ ಆರಿಸಿದವು ಒಂದೂ ಇಲಿಯನ್ನು ಕಾಪಾಡಲಿಲ್ಲ. ನಾನು ಬಿಸಾಡಿದ್ದ ಒಂದು ಕಾಪಾಡಿತು. ಅದು ಹಿಡಿದದ್ದು ಹೊರಮೈಯ ಒಂದು ಪ್ರೋಟೀನಿನ ಮೂಲೆಯನ್ನು, ನಾನು ತಿರುಗಿಯೂ ನೋಡದ ಮೂಲೆ. ನಾವು ಹುಡುಕುತ್ತಿದ್ದ ಜಾಗ ಅದೇ.

"ಸರ್, ಅದು ಇವಳು ಮಾಡಿದ್ದು. ಇವಳ ಹೆಸರೇ ಮೊದಲು ಹಾಕಿ," ಎಂದಳು ಅಕ್ಕ, ನಮ್ಮ ಮುಖ್ಯಸ್ಥರಿಗೆ. ಅವರು ಒಪ್ಪಲಿಲ್ಲ. ಮೊದಲ ಹೆಸರು ಅವಳದೇ ಆಯಿತು. ಹೆಸರನ್ನೂ ಪಡೆದಳು, ದೊಡ್ಡತನವನ್ನೂ ಪಡೆದಳು. ಒಂದನ್ನಾದರೂ ನನಗೆ ಬಿಡಬಾರದಿತ್ತೇ?

ಹೋದ ವರ್ಷ ಎದೆನೋವೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ. ಮಣ್ಣಿಗೆಂದು ನಿಡುಗಲ್ಲಿಗೆ ಹೋದೆ. ಎಲ್ಲ ಮುಗಿದ ಮೇಲೆ ಅವಳ ಅಪ್ಪ ಕಂಬಳಿ ಹಾಸಿ ನನ್ನನ್ನು ಕೂರಿಸಿದರು.

"ಆ ಲಸ್ಕೆ ಜಾಗ ಕಂಡಿಡ್ದೋಳು ನೀನೇ ಏನಮ್ಮಾ? ಮನೆಗ್ ಬಂದಾಗೆಲ್ಲ ನಮ್ ಪಾಪ ನಿನ್ ಮಾತೇ ಆಡೋಳು."

"ಇಲ್ಲ ಕಣಪ್ಪ. ಕಂಡಿಡ್ದಿದ್ದು ಅಕ್ಕನೇ. ನಾನು ಬಿಸಾಕಿದ್ದೆ."

ಅವರು ತಲೆಯಾಡಿಸಿದರು. "ಅದೆಂಗಾತದೆ? ನಮ್ ಪಾಪ ಸುಳ್ಳೇಳಾಕಿಲ್ಲ ಕಣಮ್ಮ."

ನಮ್ಮಮ್ಮ ನನ್ನ ಬಗ್ಗೆ ಯಾರೆದುರಿಗೂ ಹಾಗೆ ಹೇಳಿದವಳಲ್ಲ. ಸಾವಿನ ಮನೆಯ ಕಂಬಳಿಯ ಮೇಲೆ ಕೂತೂ ನನಗೆ ಹೊಟ್ಟೆಯುರಿಯಿತು. ಆಮೇಲೆ ಅತ್ತುಬಿಟ್ಟೆ.