ಹುಳಕ್ಕೆ ಫ್ಯಾನು, ಅಪ್ಪಯ್ಯಣ್ಣನಿಗೆ ಬೀಸಣಿಗೆ

ಎದುರುಮನೆಯ ಅಂಜಿನಮ್ಮನ ಅಡುಗೆಮನೆಯಿಂದ ಒಗ್ಗರಣೆಯ ಘಮ ಬರುತ್ತಿಲ್ಲವೆಂದರೆ ಅವರ ಮನೆಯಲ್ಲಿ ರೇಷ್ಮೆ ಹುಳು ಇದೆ ಎಂದು ತಿಳಿಯಬೇಕು. ರೇಷ್ಮೆ ಗೂಡಿನ ಮಾರುಕಟ್ಟೆಯಿರುವ ನಮ್ಮ ವಿಜಯಪುರದ ಸುತ್ತ ಹುಳು ಸಾಕುವ ಮನೆಗಳಲ್ಲಿ ಬೀಡಿ, ಸೆಂಟು, ಹೊಗೆ ಯಾವುದಕ್ಕೂ ಜಾಗವಿಲ್ಲ. ಅಂಜಿನಮ್ಮ ಅದರಲ್ಲೂ ಒಂದು ಕೈ ಮೇಲು. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಪೊರೆ ಕಳಚಿ ಹಿಪ್ಪುನೇರಳೆ ಸೊಪ್ಪನ್ನು ಗಬಗಬ ತಿನ್ನತೊಡಗಿದ ಮೇಲೆ, ಗೂಡು ಬಿಡಿಸುವ ತನಕ ಆ ಮನೆಯಲ್ಲಿ ಒಂದು ಸಾಸಿವೆ ಕಾಳೂ ಸಿಡಿಯುವಂತಿಲ್ಲ. ಗಂಡ ಅಪ್ಪಯ್ಯಣ್ಣ ಸಪ್ಪೆ ಸಾರಿಗೆ ಮುದ್ದೆ ಅದ್ದಿ ನುಂಗುತ್ತಾ, "ಹುಳಕ್ಕೆ ಹಬ್ಬ, ನಂಗೆ ಪಥ್ಯ" ಎಂದು ಗೊಣಗುವುದು ನಮ್ಮ ಜಗಲಿಯವರೆಗೂ ಕೇಳಿಸುತ್ತದೆ.

ಅಪ್ಪಯ್ಯಣ್ಣ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಒಳ್ಳೆಯವನೇ, ಆದರೆ ಸದ್ದು ಮಾಡುವ ವಸ್ತು ಕಂಡರೆ ಸಾಕು, ಮನಸ್ಸು ಸೋಲುತ್ತದೆ. ಹೆಂಡತಿಯ ವಿಷಯದಲ್ಲಿ ಮಾತ್ರ ಹಳೇ ಕಾಲದವನು. ನಾಲ್ಕು ಜನರ ಮುಂದೆ ಅವಳ ಹೆಸರನ್ನು ಅವನ ಬಾಯಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. "ಲೇ" ಎಂದರೆ ಅವಳು, "ನಮ್ಮನೇರು" ಎಂದರೂ ಅವಳೇ. ಹುಳು ಸಾಕುವುದೆಲ್ಲ ಅಂಜಿನಮ್ಮ, ಮಾರುಕಟ್ಟೆಯಲ್ಲಿ ಮಾತ್ರ ಅದು ಅಪ್ಪಯ್ಯಣ್ಣನ ಗೂಡು. ಇದು ನಮ್ಮ ಕಡೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ, ನನಗೂ ಅನ್ನಿಸಿರಲಿಲ್ಲ.

ಅವಳು ಸೊಸೆಯಾಗಿ ಬಂದಾಗ ಹುಳುವೂ ಮನುಷ್ಯರೂ ಒಂದೇ ಸೂರಿನಡಿ ಮಲಗುತ್ತಿದ್ದರು. ಮನೆಗೆ ಅಂಟಿದಂತೆ ಹುಳಕ್ಕೇ ಬೇರೆ ಕೋಣೆ ಕಟ್ಟಿಸಿದ್ದು, ನಾಲ್ಕು ಫ್ಯಾನು ಹಾಕಿಸಿದ್ದು ಅವಳ ಹಟ. ಆ ಕೋಣೆಯೇ ಅವಳ ಲೋಕ. ಆದರೆ ಹೋದ ಎರಡು ಬೆಳೆ ಕೈಕೊಟ್ಟಿದ್ದವು. ಹುಳು ಮೇವು ಬಿಟ್ಟು ಹಣ್ಣಾಗಿ, ಚಂದ್ರಿಕೆ ಎಂಬ ಬಿದಿರು ತಟ್ಟೆಯ ಮೇಲೆ ಕೂತು ಗೂಡು ಕಟ್ಟುವಾಗ ಒಳಗೆ ಗಾಳಿ ಆಡುತ್ತಲೇ ಇರಬೇಕು. ಎರಡು ಸಲವೂ ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಗಿ ಫ್ಯಾನು ನಿಂತವು. ಗೂಡು ತೇವ ಹಿಡಿದು, ನೂಲು ಸರಿಯಾಗಿ ಬಿಚ್ಚಿಕೊಳ್ಳದೆ ಮಾರುಕಟ್ಟೆಯಲ್ಲಿ ಕೇಳುವವರೇ ಇರಲಿಲ್ಲ.

"ಇದೊಂದ್ ಬೆಳೆ ನೋಡ್ತೀನಿ" ಎಂದು ಅಪ್ಪಯ್ಯಣ್ಣ ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿಬಿಟ್ಟ. "ಇದೂ ಹೋದ್ರೆ ತೋಟ ಕಿತ್ತಾಕಿ, ಹುಳದ ಮನೆನ ಗೋಡೌನ್ನೋರಿಗೆ ಬಾಡಿಗೆಗೆ ಕೊಟ್ಬಿಡ್ತೀನಿ."

ಅಂಜಿನಮ್ಮ ಕೇಳಿಸಿಕೊಂಡೇ ಸೊಪ್ಪಿನ ಹೊರೆ ಹೊತ್ತು ಒಳಗೆ ಹೋದಳು. 

ಕರೆಂಟಿಗೆ ಏನಾದರೂ ದಾರಿ ಆಗಬೇಕು ಎಂಬುದರಲ್ಲಿ ಇಬ್ಬರಿಗೂ ಒಂದೇ ಮಾತು. ಅಪ್ಪಯ್ಯಣ್ಣ ತಡ ಮಾಡಲಿಲ್ಲ. ಮದುವೆಗಳಿಗೆ ಶಾಮಿಯಾನ, ಸೀರಿಯಲ್ ಸೆಟ್ಟು ಹಾಕುವ ಬೈರೇಶನ ಹತ್ತಿರ ಒಂದು ಹಳೇ ಡೀಸೆಲ್ ಜನರೇಟರ್ ಕೊಂಡು, ಟ್ರಾಕ್ಟರಿನಲ್ಲಿ ಮೆರವಣಿಗೆಯ ಹಾಗೆ ತಂದ. ಅಂಜಿನಮ್ಮ ತೋಟದಲ್ಲಿದ್ದಳು. ಹೊಸ ಯಂತ್ರ ಬಂದರೆ ಪೂಜೆ ಮಾಡದೆ ಮುಟ್ಟುವುದುಂಟೇ? ಹುಳದ ಮನೆಯ ಕಿಟಕಿಯ ಪಕ್ಕದಲ್ಲೇ ಇಳಿಸಿ, ಅರಿಶಿನ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದು, ಒಂದು ಕಟ್ಟು ಊದುಬತ್ತಿ ಹಚ್ಚಿದ, ಮೇಲೆ ಸಾಂಬ್ರಾಣಿ ಬೇರೆ. ಇಷ್ಟು ವರ್ಷ ಒಗ್ಗರಣೆಯಿಲ್ಲದ ಸಾರು ಉಂಡವನಿಗೆ ಊದುಬತ್ತಿಯೂ ಹೊಗೆ ಎಂಬುದು ಹೊಳೆಯಲಿಲ್ಲ. ದೇವರ ಹೊಗೆಯಲ್ಲವೇ ಅಂದುಕೊಂಡಿರಬೇಕು. ಆಮೇಲೆ ಜನರೇಟರ್ ಸ್ಟಾರ್ಟ್ ಮಾಡಿದ. ಬೀದಿಯೇ ನಡುಗಿತು. ಕಪ್ಪು ಹೊಗೆ ನೆಟ್ಟಗೆ ಕಿಟಕಿಯೊಳಗೆ ನುಗ್ಗಿತು.

ಅಂಜಿನಮ್ಮ ತೋಟದಿಂದ ಓಡಿ ಬಂದದ್ದನ್ನು ನಾನು ಕಂಡೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೇರವಾಗಿ ಹೋಗಿ ಯಂತ್ರ ನಿಲ್ಲಿಸಿ, ಊದುಬತ್ತಿಯನ್ನು ತೊಟ್ಟಿಯ ನೀರಿಗೆ ಅದ್ದಿದಳು. ನಾನೂ ಅವಳ ಹಿಂದೆ ಒಳಗೆ ಹೋದೆ. ಕಿಟಕಿಯ ಪಕ್ಕದ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಬಿಟ್ಟು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಮಳೆ ಸುರಿದ ಹಾಗೆ ಕೇಳುತ್ತಿದ್ದ ಮೇಯುವ ಸದ್ದು ಆ ಮೂಲೆಯಲ್ಲಿ ನಿಂತೇಹೋಗಿತ್ತು.

"ಏನ್ರೀ, ಗೋಡೌನ್ನೋರಿಗೆ ಈಗ್ಲೇ ಕೊಟ್ಬಿಡ್ಬೇಕು ಅಂತ್ಲಾ?" ಎಂದಳು. ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿ.

"ಫ್ಯಾನಿಗೆ ಅಂತಲ್ವೇನೇ ತಂದಿದ್ದು" ಎಂದ ಅಪ್ಪಯ್ಯಣ್ಣ, ಪೆಚ್ಚುಮೋರೆ ಹಾಕಿ.

"ಗಾಳಿ ಕೊಡೋಕೆ ಹೊಗೆ ಕೊಡ್ತಾರಾ ಯಾರಾದ್ರೂ?"

ಆ ತಟ್ಟೆಗಳ ಹುಳುವನ್ನು ಮಾರನೇ ದಿನ ಗುಂಡಿಗೆ ಸುರಿಯಬೇಕಾಯಿತು. ಉಳಿದವು ಹೇಗೋ ಚೇತರಿಸಿಕೊಂಡವು. ಜನರೇಟರನ್ನು ತೋಟದ ಆ ತುದಿಯ ಬೋರ್‌ವೆಲ್ ಶೆಡ್ಡಿಗೆ ಗಡೀಪಾರು ಮಾಡಲಾಯಿತು.

ಅಂಜಿನಮ್ಮನ ಸೊಸೆ ದಿವ್ಯ ಪಿಲ್ಲಗುಂಪೆಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುತ್ತಾಳೆ. ಜನರೇಟರ್ ಬಂದ ದಿನ ಸಂಜೆ ಬಸ್ಸಿಳಿದು ಬಂದವಳು ಎಲ್ಲ ಕೇಳಿಕೊಂಡು, "ಅತ್ತೆ, ನಮ್ ಸ್ಟೋರ್ ಒಳಗೂ ಡೀಸೆಲ್ ಗಾಡಿ ಬಿಡಲ್ಲ. ಮಾಲೆಲ್ಲ ಹೊಗೆ ವಾಸನೆ ಹಿಡಿಯುತ್ತೆ ಅಂತ ಬ್ಯಾಟರಿ ಗಾಡಿನೇ ಓಡಿಸ್ತಾರೆ. ನಾವೂ ಬ್ಯಾಟರಿ ಇಡೋಣ" ಎಂದಳು.

ಎರಡು ದಿನದಲ್ಲಿ ಇನ್ವರ್ಟರ್ ಬಂತು, ಎರಡು ದೊಡ್ಡ ಬ್ಯಾಟರಿಯೂ ಬಂದವು. ಹಾಕಲು ಬಂದವನು ಎಲ್ಲರನ್ನೂ ಕೇಳುವ ಹಾಗೆ ಕೇಳಿದ: ಟಿವಿ ಸೇರಿಸಲಾ, ಫ್ರಿಜ್ ಸೇರಿಸಲಾ, ನಡುಮನೆ ಫ್ಯಾನು?

"ಏನೂ ಬೇಡಪ್ಪಾ. ಹುಳದ ಮನೆ ಫ್ಯಾನು ನಾಲ್ಕು, ಲೈಟು ಒಂದು. ಅಷ್ಟಕ್ಕೆ ಮಾತ್ರ ಎಳಿ" ಎಂದಳು ಅಂಜಿನಮ್ಮ.

"ಮನುಷ್ಯರ ಗತಿ?" ಎಂದ ಅಪ್ಪಯ್ಯಣ್ಣ.

"ಬೀಸಣಿಗೆ ಐತಲ್ಲ."

ಬೀದಿ ನಕ್ಕಿತು. ನಾನೂ ನಕ್ಕೆ. ಕರೆಂಟು ಹೋದಾಗಲೆಲ್ಲ ಅಪ್ಪಯ್ಯಣ್ಣ ಕತ್ತಲಲ್ಲಿ ಕೂತು ಬೀಸಿಕೊಳ್ಳುವುದು, ಗೋಡೆಯ ಆಚೆ ಹುಳುಗಳು ತಣ್ಣಗೆ ಗಾಳಿ ತೆಗೆದುಕೊಳ್ಳುವುದು ನೋಡಲು ಚೆನ್ನಾಗಿಯೇ ಇತ್ತು. "ಮುಂದಿನ ಜನ್ಮಕ್ಕೆ ರೇಷ್ಮೆ ಹುಳ ಆಗಿ ಹುಟ್ಟೋ" ಎಂದು ಅವನನ್ನು ರೇಗಿಸದವರಿಲ್ಲ.

ಹುಳು ಹಣ್ಣಾಯಿತು. ಮೈ ಹೊಳೆಯುವ ಹುಳುಗಳನ್ನು ಆಯ್ದು ಆಯ್ದು ಚಂದ್ರಿಕೆಗೆ ಬಿಟ್ಟರು. ಗೂಡು ಕಟ್ಟಲು ಶುರುವಾದ ಮೊದಲ ಸಂಜೆಯೇ ಬಿರುಗಾಳಿ ಎದ್ದಿತು. ಕೆರೆ ಕಡೆ ಕಂಬಗಳು ಉರುಳಿ ಊರಿಗೆ ಊರೇ ಕತ್ತಲಾಯಿತು. ಲೈನ್‌ಮನ್‌ಗಳು ಮಳೆಯಲ್ಲಿ ನೆನೆಯುತ್ತಾ ಬಂದು, ನಾಳೆ ಸಂಜೆಯೊಳಗೆ ಆದರೆ ಪುಣ್ಯ ಎಂದು ಹೇಳಿಹೋದರು. ನಮ್ಮ ಬೀದಿಯಲ್ಲಿ ಬೆಳಕಿದ್ದದ್ದು ಒಂದೇ ಕಡೆ, ಅಂಜಿನಮ್ಮನ ಹುಳದ ಮನೆಯಲ್ಲಿ. ಆ ಹೊತ್ತು ಯಾರೂ ನಗಲಿಲ್ಲ.

ಅತ್ತೆ ಸೊಸೆ ಸರದಿಯ ಮೇಲೆ ಎದ್ದು, ಎರಡು ಫ್ಯಾನು ನಿಲ್ಲಿಸಿ ಎರಡು ಓಡಿಸುತ್ತಾ ಬ್ಯಾಟರಿಯನ್ನು ಎಳೆದೆಳೆದು ಬಳಸಿದರು. ಬೆಳಗ್ಗೆ ನಾನು ಹೋದಾಗ ಬ್ಯಾಟರಿ ಮುಗಿಯುತ್ತಾ ಬಂತೆಂದು ಇನ್ವರ್ಟರ್ ಕೀಂಕೀಂ ಅನ್ನುತ್ತಿತ್ತು. ಹೊರಗೆ ನೆಲವೆಲ್ಲ ತೇವ, ಒಳಗೆ ಗೂಡು ಅರ್ಧ ಕಟ್ಟಿತ್ತು. ಅಂಜಿನಮ್ಮ ಚಂದ್ರಿಕೆಗಳ ನಡುವೆ ನಿಂತು, "ಹೋದ್ ಸಲ ಇಲ್ಲೇ ಕಣಣ್ಣ ಕೆಟ್ಟಿದ್ದು. ಇದೇ ಹೊತ್ತಲ್ಲೇ" ಎಂದಳು.  

ಅಪ್ಪಯ್ಯಣ್ಣ ಎಲ್ಲೂ ಕಾಣಲಿಲ್ಲ. ಎಲ್ಲಿಗಾದರೂ ತಲೆಮರೆಸಿಕೊಂಡನೋ ಎಂದು ನಾನು ಸಿಟ್ಟಿನಿಂದ ತೋಟಕ್ಕೆ ನಡೆದೆ. ನೋಡಿದರೆ ಬೋರ್‌ವೆಲ್ ಶೆಡ್ಡಿನ ಮುಂದೆ ಅವನೂ ಬೈರೇಶನೂ ಮದುವೆ ಮನೆಗಳಿಗೆ ಎಳೆಯುವ ವೈರಿನ ಸುರುಳಿಗಳನ್ನು ಒಂದಕ್ಕೊಂದು ಸೇರಿಸುತ್ತಿದ್ದರು. ತೋಟದುದ್ದಕ್ಕೂ ಗೂಟ ನೆಟ್ಟು, ನೆಲದ ನೀರು ತಾಗದ ಹಾಗೆ ವೈರನ್ನು ಮನೆಯವರೆಗೆ ಎಳೆದಿದ್ದರು. ಆದರೆ ಅಪ್ಪಯ್ಯಣ್ಣ ಯಂತ್ರ ಮುಟ್ಟಲಿಲ್ಲ. ಶೆಡ್ಡಿನೊಳಗಿಂದ ಒಂದು ಮೊರ ರಾಗಿ ಹೊಟ್ಟು ತಂದು, ಕಣದಲ್ಲಿ ತೂರುವವನ ಹಾಗೆ ಎತ್ತಿ ಮೆಲ್ಲಗೆ ಬಿಟ್ಟ. ಹೊಟ್ಟು ಮನೆಯ ಕಡೆಗೇ ಹಾರಿತು.

"ಈಗ ಬ್ಯಾಡ" ಎಂದ.

"ಬ್ಯಾಟರಿ ಸಾಯ್ತಾ ಐತಂತೆ ಕಣೋ" ಎಂದೆ ನಾನು.

"ಗಾಳಿ ತಿರುಗ್ಲಿ. ಒಂದ್ ಸಲ ಹೊಗೆ ಹಾಕಿದ್ದು ಸಾಕು."

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಆ ಗಾದೆಯನ್ನು ಅಷ್ಟು ಸಂಕಟದಿಂದ ಪಾಲಿಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಮತ್ತೆ ಮತ್ತೆ ಹೊಟ್ಟು ಎತ್ತಿ ಬಿಟ್ಟ. ಕೊನೆಗೆ ಬಿಸಿಲೇರಿ ಗಾಳಿ ಮಗ್ಗುಲು ಬದಲಿಸಿತು, ಹೊಟ್ಟು ಕೆರೆಯ ಕಡೆ ಹಾರಿತು. ಆಗಲೂ ಅವನು ತಾನಾಗಿ ಸ್ಟಾರ್ಟ್ ಮಾಡಲಿಲ್ಲ. ಮನೆ ಕಡೆ ತಿರುಗಿ ಕೂಗಿದ: "ಲೇ, ಹಚ್ಲಾ?"

ಅಂಜಿನಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ವೈರು ನೋಡಿದಳು, ಗಂಡನ ಕೈಯ ಮೊರ ನೋಡಿದಳು. ಮೂಗರಳಿಸಿ ಗಾಳಿ ಮೂಸಿದಳು.

"ಹಚ್ಚಿ" ಎಂದಳು.

ಜನರೇಟರಿನ ಹೊಗೆ ಕೆರೆಯ ಕಡೆ ಹೋಯಿತು, ಕರೆಂಟು ಹುಳದ ಮನೆಗೆ ಬಂತು. ನಾಲ್ಕೂ ಫ್ಯಾನು ಒಟ್ಟಿಗೆ ತಿರುಗಿದವು. ಇನ್ವರ್ಟರ್ ಬಾಯಿ ಮುಚ್ಚಿಕೊಂಡು ಬ್ಯಾಟರಿ ತುಂಬಿಸತೊಡಗಿತು. ಗಾಳಿ ತಿರುಗಿದಾಗ ಯಂತ್ರ ನಿಲ್ಲಿಸಿ ಬ್ಯಾಟರಿ, ಗಾಳಿ ಸರಿಯಾದಾಗ ಮತ್ತೆ ಯಂತ್ರ. ಊರಿಗೆ ಕರೆಂಟು ಬರುವವರೆಗೆ ಅಪ್ಪಯ್ಯಣ್ಣ ಮೊರ ಕೆಳಗಿಡಲಿಲ್ಲ.

ಗೂಡನ್ನು ವಿಜಯಪುರದ ಮಾರುಕಟ್ಟೆಗೆ ಒಯ್ದ ದಿನ ನಾನೂ ಜೊತೆಗೆ ಹೋಗಿದ್ದೆ. ಅಂಜಿನಮ್ಮನೂ ಬಂದಿದ್ದಳು, ಎಂದಿನಂತೆ ಹಿಂದೆ ನಿಂತಿದ್ದಳು. ಗೂಡು ಕೊಂಡು ನೂಲು ತೆಗೆಯುವ ಹಳೆಯ ರೀಲರ್ ಒಬ್ಬರು ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲುಗಾಡಿಸಿ, ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಕಲ್ಲಿನ ಹಾಗೆ ಗಟ್ಟಿ. ನಾಲ್ಕಾರು ಜನ ರೀಲರುಗಳು ಸುತ್ತ ಸೇರಿದರು. ಹರಾಜಿನಲ್ಲಿ ಅವತ್ತಿನ ಮಾರುಕಟ್ಟೆಗೆಲ್ಲ ಹೆಚ್ಚಿನ ದರ ನಮ್ಮ ಗೂಡಿಗೇ ನಿಂತಿತು.

"ಈ ಮಳೇಲಿ ಇಂಥಾ ಗೂಡಾ! ಯಾರ್ದಪ್ಪಾ ಇದು?" ಎಂದರು ಹಳೆಯ ರೀಲರ್.

ಅಪ್ಪಯ್ಯಣ್ಣ ಬಾಯಿ ತೆರೆದ, ಮುಚ್ಚಿದ. ಆಮೇಲೆ ಜನರೇಟರಿಗಿಂತ ಜೋರಾಗಿ ಹೇಳಿದ: "ಅಂಜಿನಮ್ಮನ್ದು."

ಮಾರುಕಟ್ಟೆಯಲ್ಲಿ ಯಾರೂ ತಿರುಗಿ ನೋಡಲಿಲ್ಲ, ಅವರಿಗೆ ಅದು ಬರೀ ಒಂದು ಹೆಸರು. ಅಂಜಿನಮ್ಮ ಮಾತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಆಚೆ ತಿರುಗಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ನಾನು ನೋಡಲು ಹೋಗಲಿಲ್ಲ. 

ಗೋಡೌನಿನ ಮಾತು ಮತ್ತೆ ಏಳಲಿಲ್ಲ. ಆ ಸಂಜೆ ನಮ್ಮ ಜಗಲಿಯಲ್ಲಿ ಕೂತಿದ್ದಾಗ ಎದುರುಮನೆಯಿಂದ ಚಟಚಟ ಸಾಸಿವೆ ಸಿಡಿಯಿತು, ಹಿಂದೆಯೇ ಇಂಗು, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಘಾಟಿಗೆ ಇಡೀ ಬೀದಿ ಸೀನಿತು.