ಎಬೆಲೆಗೆ ಮಾಡಿದ ಮೀನಿನ ಸಾರು

ಗಲ್ಫ್ ನಾಡಿನ ದಾರ್ಸೈಟ್‌ನ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ದಮಯಂತಿಯಕ್ಕ ಇಪ್ಪತ್ತೊಂಬತ್ತು ವರ್ಷಗಳಿಂದ ಇದ್ದಾರೆ. ಮುಲ್ಕಿಯ ಕಡೆಯವರು. ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಗಂಡ ಶ್ಯಾಮಸುಂದರ ಘಾಲಾದ ಗ್ಯಾರೇಜೊಂದರಲ್ಲಿ ಬಿಡಿಭಾಗಗಳ ಉಸ್ತುವಾರಿ ನೋಡಿಕೊಳ್ಳುತ್ತಾರೆ. ಮಕ್ಕಳಿಲ್ಲ. ಅದರ ಬಗ್ಗೆ ನಾವ್ಯಾರೂ ಕೇಳಿದ್ದಿಲ್ಲ. ಹೋದ ವರ್ಷ ನಡೆದದ್ದನ್ನು ಅವರೇ ಒಂದು ಮಧ್ಯಾಹ್ನ, ನನ್ನ ರವಿಕೆಗೆ ಕೊಕ್ಕೆ ಹಚ್ಚುತ್ತ ಹೇಳಿದರು.

ಎದುರು ಮನೆಗೆ ಎಬೆಲೆ ಮತ್ತು ಒಬಿನ್ನ ಬಂದು ಎರಡು ವರ್ಷವಾಗಿತ್ತು. ನೈಜೀರಿಯಾದ ದಂಪತಿ. ಅವಳು ರೂವಿಯ ಪಾರ್ಲರಿನಲ್ಲಿ ಜಡೆ ಹೆಣೆಯುವ ಕೆಲಸ ಮಾಡುತ್ತಿದ್ದಳು. ಅವನದು ಮರುಭೂಮಿಯ ಎಣ್ಣೆ ಬಾವಿಯಲ್ಲಿ ಕೆಲಸ; ಮೂರು ವಾರ ಅಲ್ಲಿ, ಮೂರು ವಾರ ಮನೆಯಲ್ಲಿ. ಎಬೆಲೆ ಬಸುರಿಯಾದಾಗ ಇದ್ದ ನಾಲ್ಕು ಉಡುಪುಗಳನ್ನೇ ಹಿಡಿದುಕೊಂಡು ಅಕ್ಕನ ಬಾಗಿಲು ತಟ್ಟಿದಳು. ತಿಂಗಳಿಗೊಮ್ಮೆ ಅಕ್ಕ ಅಳತೆಪಟ್ಟಿ ಹಿಡಿದು ಅವಳ ಹೊಟ್ಟೆ ಸುತ್ತಿ ನೋಡುತ್ತಿದ್ದರು, ಹೊಲಿಗೆ ಬಿಚ್ಚಿ ಒಂದೊಂದು ಇಂಚು ಸಡಿಲ ಮಾಡುತ್ತಿದ್ದರು. "ಆಂಟಿ, ಇವನು ಒಳಗೆ ಒದೀತಿದ್ದಾನೆ, ಇಲ್ಲಿ ಕೈ ಇಡಿ" ಎಂದು ಎಬೆಲೆ ಅಕ್ಕನ ಕೈ ಎಳೆದುಕೊಳ್ಳುತ್ತಿದ್ದಳು. ಇಬ್ಬರ ಮಾತೂ ಇಂಗ್ಲಿಷಿನಲ್ಲಿ. ಅಕ್ಕನ ಇಂಗ್ಲಿಷು ಹರಕುಮುರುಕು, ಆದರೂ ಸಾಲುತ್ತಿತ್ತು.

ಫೆಬ್ರವರಿಯಲ್ಲಿ, ದಿನ ತುಂಬಲು ಎರಡು ವಾರವಿದ್ದಾಗ, ಮಗು ಒದೆಯುವುದು ನಿಂತಿತು. ಆಸ್ಪತ್ರೆಗೆ ಹೋಗುವಾಗಲೇ ಎಲ್ಲ ಮುಗಿದಿತ್ತು. ಯಾರ ತಪ್ಪೂ ಅಲ್ಲ, ಕೆಲವು ಸಲ ಹೀಗಾಗುತ್ತದೆ ಎಂದರಂತೆ ಡಾಕ್ಟರು. ಜೀವವಿಲ್ಲದ ಮಗುವನ್ನು ಎಬೆಲೆ ಹನ್ನೊಂದು ಗಂಟೆ ನೋವು ತಿಂದು ಹೆತ್ತಳು. ಗಂಡು ಮಗು. ಮರುಭೂಮಿಯಿಂದ ಓಡಿ ಬಂದ ಒಬಿನ್ನ ಅದನ್ನು ಕ್ರೈಸ್ತರ ಸ್ಮಶಾನದಲ್ಲಿ ಮಣ್ಣು ಮಾಡಿ, ಹೆಂಡತಿಯನ್ನು ಮನೆಗೆ ಕರೆತಂದ.

ಮರುದಿನ ಬೆಳಿಗ್ಗೆ ಅವನು ಅಕ್ಕನ ಬಾಗಿಲಿಗೆ ಬಂದು ನಿಂತ. ಆರಡಿ ಎತ್ತರದ ಗಂಡಸು, ಕೈಯಲ್ಲಿ ಒಂದು ಪುಟ್ಟ ಪೊಟ್ಟಣ.

"ಆಂಟಿ, ಅವಳು ನೀರೂ ಕುಡೀತಿಲ್ಲ. ಹೆತ್ತವಳಿಗೆ ಮೀಸೆಯ ಮೀನಿನ ಖಾರದ ಸಾರು ಕೊಡಲೇಬೇಕು ಅಂತ ಅವಳ ಅಮ್ಮ ಫೋನಿನಲ್ಲಿ ಅಳ್ತಿದ್ದಾರೆ. ಮುಂದಿನ ತಿಂಗಳು ಅವರೇ ಬಂದು ಮಾಡಬೇಕಿತ್ತು. ಮಸಾಲೆ ಮೊದಲೇ ಕಳಿಸಿದ್ರು. ನನಗೆ ಮಾಡೋಕೆ ಬರೋದಿಲ್ಲ."

ಪೊಟ್ಟಣದ ಮೇಲೆ ಯಾರೋ ವಯಸ್ಸಾದವರ ನಡುಗುವ ಅಕ್ಷರದಲ್ಲಿ 'ಮಗು ಬಂದ ಮೇಲೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಅಕ್ಕ ಶ್ಯಾಮಸುಂದರರನ್ನು ಎಬ್ಬಿಸಿದರು. "ಏಳಿ, ಮತ್ರಾಕ್ಕೆ ಹೋಗ್ಬೇಕು. ತೇಡೆ ಮೀನು ಬೇಕಂತೆ."

"ತೇಡೆಯಾ? ಇಲ್ಲಿಯವರು ಅದನ್ನು ಬಲೆಯಿಂದ ತೆಗೆದು ಬಿಸಾಡ್ತಾರೆ ಮಾರಾಯ್ತಿ!"

"ಬಿಸಾಡುವ ಮೊದಲು ಹೋಗುವ."

ಮೀನು ಮಾರುಕಟ್ಟೆಯಲ್ಲಿ ಮುದುಕನೊಬ್ಬ ಮೀಸೆಯ ಮೀನು ಎರಡನ್ನು ಬುಟ್ಟಿಯ ಅಡಿಯಿಂದ ಹುಡುಕಿ ಕೊಟ್ಟ. ಎಬೆಲೆಯ ಅಡುಗೆಮನೆಯಲ್ಲಿ ಒಬಿನ್ನ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಪರದೆಯಲ್ಲಿ ತಲೆಗೆ ಬಟ್ಟೆ ಸುತ್ತಿದ ಎಬೆಲೆಯ ಅಮ್ಮ. ಅವರು ಅವರ ಭಾಷೆಯಲ್ಲಿ ಹೇಳುವುದು, ಒಬಿನ್ನ ಇಂಗ್ಲಿಷಿಗೆ ತಿರುಗಿಸುವುದು. ಮೀನಿನ ಲೋಳೆ ಹೋಗಲು ಉಪ್ಪು ಹಚ್ಚಿ ಬಿಸಿನೀರು ಹೊಯ್ಯಬೇಕು. ಪೊಟ್ಟಣದ ಬೀಜಗಳನ್ನು ಹುರಿದು ಕುಟ್ಟಬೇಕು. ಬೀಜ ಕುಟ್ಟುವಾಗ ಜಾಯಿಕಾಯಿಯನ್ನು ಸ್ವಲ್ಪ ಹೋಲುವ, ಆದರೆ ಹೊಗೆಯ ವಾಸನೆಯೂ ಸೇರಿದ ಘಾಟು ಎದ್ದಿತು. ಈರುಳ್ಳಿ, ಶುಂಠಿ, ಕೆಂಪು ಮೆಣಸು. ಮೆಣಸು ಇನ್ನೂ ಹಾಕು, ಇನ್ನೂ ಹಾಕು ಎಂದು ಆ ಅಮ್ಮ ಹೇಳುತ್ತಲೇ ಇದ್ದರು.

"ತೆಂಗಿನಕಾಯಿ?" ಎಂದು ಅಕ್ಕ ಕೇಳಿದರು.

ಇಲ್ಲ.

"ಹುಳಿ?"

ಅದೂ ಇಲ್ಲ. ಕಾಯಿಯೂ ಹುಳಿಯೂ ಇಲ್ಲದೆ ಮೀನು ಬೇಯಿಸುವುದು ಅಕ್ಕನಿಗೆ ಹೊಸತು. ಕೊನೆಗೆ ಆ ಅಮ್ಮ ಒಂದು ಸೊಪ್ಪು ಬೇಕೆಂದರು. ಪರದೆಯ ಹತ್ತಿರ ಹಿಡಿದು ತೋರಿಸಿದ ಎಲೆಯನ್ನು ಅಕ್ಕ ಬಗ್ಗಿ ನೋಡಿದರು. ಅದು ರಾಮತುಳಸಿ. ಅವರ ಬಾಲ್ಕನಿಯ ಕುಂಡದಲ್ಲಿ, ದಿನಾ ನೀರೆರೆದು ಕೈಮುಗಿಯುವ ಗಿಡ. ಮೀನಿಗೆ ತುಳಸಿ! "ದೇವರೇ, ಇದು ಬಾಣಂತಿಗೆ" ಎಂದು ಒಂದು ಮುಷ್ಟಿ ಕಿತ್ತು ತಂದರು.

ಮೀನು ಒಡೆಯಬಾರದೆಂದು ಅಕ್ಕ ಸೌಟು ಹಾಕಲಿಲ್ಲ. ಬಟ್ಟೆಯಲ್ಲಿ ಪಾತ್ರೆಯ ಎರಡೂ ಬದಿ ಹಿಡಿದು ಮೆಲ್ಲಗೆ ತಿರುಗಿಸಿದರು. ಪರದೆಯಲ್ಲಿದ್ದ ಅಮ್ಮ ಅದನ್ನು ನೋಡಿ ಏನೋ ಹೇಳಿದರು.

"ಇವರಿಗೆ ಗೊತ್ತಿದೆ ಅಂತಿದ್ದಾರೆ" ಎಂದ ಒಬಿನ್ನ.

ಎಬೆಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಅಕ್ಕ ಬಟ್ಟಲು ಹಿಡಿದು ಮಂಚದ ಅಂಚಿನಲ್ಲಿ ಕೂತರು. ವಾಸನೆ ಮೂಗಿಗೆ ಹೋದದ್ದೇ ಅವಳು ತಿರುಗಿದಳು.

"ಇದು ಮಗು ಇರುವವರಿಗೆ, ಆಂಟಿ. ನನಗೆ ಯಾಕೆ?"

ಒಬಿನ್ನ ಫೋನನ್ನು ಅಲ್ಲಿಗೆ ತಂದ. ಅವನ ಅತ್ತೆ ಮಗಳ ಜೊತೆ ತುಂಬ ಹೊತ್ತು ಮಾತಾಡಿದರು. ಎಬೆಲೆಯೇ ಅದನ್ನು ಅಕ್ಕನಿಗೆ ಹೇಳಿದಳು: "ಮಗು ಉಳಿಯಿತೋ ಇಲ್ಲವೋ ಗರ್ಭಕ್ಕೆ ಗೊತ್ತಿಲ್ಲವಂತೆ. ಹೆತ್ತವಳು ಹೆತ್ತವಳೇ ಅಂತೆ. ಕುಡಿ ಅಂತಿದ್ದಾಳೆ."

ಅವಳು ನಾಲ್ಕು ಚಮಚ ಕುಡಿದಳು. ಖಾರಕ್ಕೆ ಕಣ್ಣು ಮೂಗು ಸುರಿಯತೊಡಗಿತು. ಅದರ ಜೊತೆಗೇ ಅಳು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅದು ಮೊದಲನೆಯ ಅಳು.

ಅಕ್ಕ ಬಟ್ಟಲು ಕೆಳಗಿಟ್ಟು ಎದ್ದು ಹೊರಗೆ ಬಂದುಬಿಟ್ಟರು. ಅಡುಗೆಮನೆಯ ಗೋಡೆಗೆ ಒರಗಿ ನಿಂತರು.

"ನನಗೂ ಒಂದು ಆಗಿತ್ತು" ಎಂದು ಅವರು ನನ್ನ ಹತ್ತಿರ ಹೇಳಿದ್ದು ಮಾತು ಇಲ್ಲಿಗೆ ಬಂದಾಗ. ಕೊಕ್ಕೆ ಹಚ್ಚುವ ಸೂಜಿ ನಿಂತಿತ್ತು. "ಹೆಣ್ಣು. ತೊಂಬತ್ತೆಂಟರಲ್ಲಿ, ಇಲ್ಲೇ. ಎರಡು ದಿನ ಬದುಕಿತ್ತು. ಊರಿಗೆ ಫೋನ್ ಮಾಡಿದ್ದಕ್ಕೆ ಅತ್ತೆ ಹೇಳಿದ್ರು, ಮಗುವೇ ಇಲ್ಲದ ಮೇಲೆ ಬಾಣಂತನ ಎಂತದ್ದು, ಎದ್ದು ಕೆಲಸ ನೋಡು ಅಂತ. ಹತ್ತನೇ ದಿನ ಮಿಷನಿನ ಮುಂದೆ ಕೂತೆ. ನನಗೆ ಯಾರೂ ಒಂದು ಕಾಳುಮೆಣಸಿನ ಕಷಾಯ ಸಹ ಮಾಡಿಕೊಡಲಿಲ್ಲ. ಇವರು ಆ ಮಾತೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ."

ಮರುದಿನ ಎಬೆಲೆಗೆ ಹಾಲು ಇಳಿಯಿತು. ನೈಟಿಯ ಎದೆ ಪೂರ್ತಿ ಒದ್ದೆ. ಅವಳು ಬಾಗಿಲು ತೆರೆದು ಅಕ್ಕನ ಮುಂದೆ ನಿಂತು ಕೇಳಿದಳು: "ಇದನ್ನು ಯಾರಿಗೆ ಕೊಡಲಿ, ಆಂಟಿ?"

ಆ ಸಾರು ಹಾಲು ತರಿಸುವ ಸಾರು ಎಂದು ಅಕ್ಕನಿಗೆ ಆಗ ತಿಳಿಯಿತು. ಸಾರು ಕೊಡದಿದ್ದರೂ ಮೂರನೇ ದಿನ ಹಾಲು ಬಂದೇ ಬರುತ್ತದೆ ಎಂದು ಆಸ್ಪತ್ರೆಯ ನರ್ಸ್ ಫೋನಿನಲ್ಲಿ ಹೇಳಿದರೂ ಅಕ್ಕನ ಮನಸ್ಸು ಒಪ್ಪಲಿಲ್ಲ. ತಮ್ಮ ಕೈಯಿಂದಲೇ ಆಯಿತಲ್ಲ ಎಂಬ ಸಂಕಟ. ಟ್ಯಾಕ್ಸಿ ಹಿಡಿದು ರೂವಿಗೆ ಹೋಗಿ, ಊರಿನಿಂದ ವಿಮಾನದಲ್ಲಿ ಬರುವ ಮಲ್ಲಿಗೆಯನ್ನು ಅಂಗಡಿಯಲ್ಲಿದ್ದಷ್ಟೂ ಕೊಂಡರು. ತಮ್ಮ ಆ ದಿನಗಳಲ್ಲಿ ಕೆಳಗಿನ ಮನೆಯ ಬ್ಯಾರಿ ಹೆಂಗಸು ಆಸಿಯಮ್ಮ ಹಾಗೆ ಮಾಡಿದ್ದರು. ಅವರೊಬ್ಬರೇ ಬಂದು, ಹಾಲು ಬತ್ತಲು ಎದೆಗೆ ಮಲ್ಲಿಗೆ ಕಟ್ಟಿದ್ದರು. ಅಕ್ಕ ಎಬೆಲೆಯ ಎದೆಯ ಮೇಲೆ ಹೂವಿನ ದಂಡೆ ಇಟ್ಟು, ಹಳೆಯ ಹತ್ತಿ ಸೀರೆ ಹರಿದು ಬಿಗಿದರು. ದಿನಕ್ಕೆರಡು ಸಲ ಬಾಡಿದ ಹೂ ತೆಗೆದು ಹೊಸತು ಕಟ್ಟಿದರು. ಐದನೆಯ ದಿನ ಎದೆ ಹಗುರಾಯಿತು. ಅವತ್ತು ಎಬೆಲೆ, "ಈಗ ಅವನದು ಅಂತ ಏನೂ ಉಳಿದಿಲ್ಲ" ಎಂದಳು.

ಏಪ್ರಿಲ್‌ನಲ್ಲಿ ಅವಳು ಅಮ್ಮನ ಬಳಿಗೆ ಹೋದಳು. ತಿಂಗಳಲ್ಲಿ ಬರುತ್ತೇನೆ ಎಂದವಳು ಬರಲಿಲ್ಲ. ಒಬಿನ್ನ ಮನೆ ಖಾಲಿ ಮಾಡಿ ಎಣ್ಣೆ ಬಾವಿಯ ಕ್ಯಾಂಪಿಗೇ ಹೋದ. ಮೊದಮೊದಲು ಎಬೆಲೆ ಅಕ್ಕನಿಗೆ ಧ್ವನಿ ಸಂದೇಶ ಕಳಿಸುತ್ತಿದ್ದಳು. ಆಮೇಲೆ ಅದೂ ನಿಂತಿತು.

ಜೂನ್‌ನ ಒಂದು ಶುಕ್ರವಾರ ಚಹಾ ಕುಡಿಯುತ್ತಿದ್ದ ಗಂಡನನ್ನು ಅಕ್ಕ ಕೇಳಿದರು, "ಅವಳನ್ನು ಎಲ್ಲಿ ಮಣ್ಣು ಮಾಡಿದ್ದು?"

ಯಾರನ್ನು ಎಂದು ಶ್ಯಾಮಸುಂದರ ಕೇಳಲಿಲ್ಲ. ಲೋಟ ಕೆಳಗಿಟ್ಟರು. ಕಾರಿನ ಕೀಲಿ ತೆಗೆದುಕೊಂಡು, "ಬಾ" ಎಂದರು.

ಘಾಲಾ ಸೇರುವ ಮೊದಲು, ಗೋದಾಮುಗಳ ಸಾಲಿನ ಹಿಂದೆ, ಅವರು ಕಾರನ್ನು ರಸ್ತೆಯ ಅಂಚಿಗೆ ನಿಲ್ಲಿಸಿದರು. ಬಿಸಿಲಿಗೆ ಡಾಂಬರು ಮಿನುಗುತ್ತಿತ್ತು. ಒಂದರ ಹಿಂದೊಂದು ಲಾರಿಗಳು.

"ಆಗ ಇಲ್ಲಿ ಎಂತದೂ ಇರಲಿಲ್ಲ. ಕಲ್ಲು, ಒಂದೆರಡು ಜಾಲಿ ಮರ. ಆಸ್ಪತ್ರೆಯ ಚೀಟಿ ಹಿಡ್ಕೊಂಡು ನಾನು, ಗ್ಯಾರೇಜಿನ ಸಂಕಪ್ಪಣ್ಣ, ಇಬ್ಬರೇ ಬಂದದ್ದು. ರಸ್ತೆ ಆಮೇಲೆ ಬಂತು" ಎಂದರು. "ನಾನು ಕೆಲಸಕ್ಕೆ ದಿನಾ ಹೋಗುವುದು ಇದರ ಮೇಲೆಯೇ."

"ಒಂದು ದಿನವೂ ಹೇಳ್ಲಿಲ್ಲ ನೀವು."

"ಹೇಗೆ ಹೇಳುವುದು ಮಾರಾಯ್ತಿ?"

ಅಕ್ಕ ಕೆಳಗಿಳಿದರು. ಇಂಥದ್ದೇ ಜಾಗ ಎಂದು ತೋರಿಸಲು ಅಲ್ಲಿ ಒಂದು ಕಲ್ಲೂ ಇರಲಿಲ್ಲ. ಲಾರಿಗಳ ಗಾಳಿಗೆ ಸೆರಗು ಹಾರುತ್ತಿತ್ತು. ಸ್ವಲ್ಪ ಹೊತ್ತಿಗೆ ಶ್ಯಾಮಸುಂದರ ಇಳಿದು ಬಂದು ಪಕ್ಕದಲ್ಲಿ ನಿಂತರು. ಅರವತ್ತು ದಾಟಿದ ಆ ಮನುಷ್ಯ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ್ದನ್ನು ಅಕ್ಕ ಕಂಡದ್ದು ಅದೇ ಮೊದಲು.